ಎಡಕ್ಕೆ ವಾಲಿದ ಟಾಕು

ಎಲ್ವಿಯೊ ತನ್ನ ಮೆರವಣಿಗೆಯ ಮೇಲಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿ ಎಲ್ಲರಿಗೂ ಕಾಫಿ ತರಲು ಹೋದಾಗ, ಓರ್ನೆಲ್ಲಾ ಅದರ ಒಳಮೈ ತಿರುಗಿಸಿ ನೋಡಿದಳು.

ನೋಡಬಾರದಿತ್ತು ಎಂದು ಆಮೇಲೆ ಅನ್ನಿಸಿತು. ಆದರೆ ಕೇರಿಯ ಆ ಹೊಲಿಗೆಕೋಣೆಯಲ್ಲಿ ಯಾರೂ ಬಟ್ಟೆಯ ಮುಖ ನೋಡುವುದಿಲ್ಲ, ಬೆನ್ನು ನೋಡುತ್ತಾರೆ. ಮುಖವನ್ನು ಇಸ್ತ್ರಿ ಹಾಕಿ ಸಂಭಾಳಿಸಬಹುದು. ಬೆನ್ನು ಸುಳ್ಳು ಹೇಳುವುದಿಲ್ಲ.

ಕಂಕುಳಿನ ಹತ್ತಿರ ಹರಿದಿದ್ದ ಅಸ್ತರಿಗೆ ಯಾರೋ ಟಾಕು ಹಾಕಿದ್ದರು. ಆ ಅಂಗಿಯನ್ನು ಕತ್ತರಿಸಿ, ಹೊಲಿದು, ಲಾಡಿ ತೂರಿಸುವ ಒಂದೊಂದು ಕಾಜಾವನ್ನೂ ರೇಷ್ಮೆ ದಾರದಿಂದ ಸುತ್ತಿದವಳು ಓರ್ನೆಲ್ಲಾ. ಅದು ಹರಿದರೆ ಅವಳ ಹತ್ತಿರವೇ ಬರಬೇಕು. ಬಾಯ್ಲರ್ ರಿಪೇರಿ ಮಾಡುವ ಅವನು ಎದುರು ಕೂತು, ಯಾರ ಮನೆಯ ಬಾಯ್ಲರ್ ಹೇಗೆ ಕೆಟ್ಟಿತು ಎಂದು ಹೇಳುತ್ತಿರಬೇಕು. ಅವಳು ಕೇಳಿಸಿಕೊಳ್ಳದವಳಂತೆ ಹೊಲಿಯುತ್ತಿರಬೇಕು. ಅದು ಅವರಿಬ್ಬರ ನಡುವೆ ಯಾರೂ ಬಾಯಿಬಿಟ್ಟು ಹೇಳದ ಒಪ್ಪಂದ.

ಈಗ ಟಾಕುಗಳು ಎಡಕ್ಕೆ ವಾಲಿದ್ದವು.

ಬಲಗೈಯವರ ಟಾಕು ಬಲಕ್ಕೆ ವಾಲುತ್ತದೆ. ಆ ಕೋಣೆಯಲ್ಲಿ ಎಡಚಿ ಒಬ್ಬಳೇ: ಕಳೆದ ಶರತ್ಕಾಲದಲ್ಲಿ ಬೊಲೊನ್ಯಾದಿಂದ ವರ್ಗವಾಗಿ ಬಂದ ಟೀಚರ್ ಜಿನೆವ್ರಾ. ಚಂದದ ಕುತ್ತಿಗೆ, ಯಾರು ಏನು ಹೇಳಿದರೂ ನಗುವ ಬಾಯಿ.

ಓರ್ನೆಲ್ಲಾ ಅಂಗಿಯನ್ನು ಮೊದಲಿದ್ದಂತೆಯೇ ತೂಗುಹಾಕಿದಳು.

ಕಾಸ್ತೆಲ್‌ವೆರ್ನೊ ಸಣ್ಣ ಊರು. ಜೂನ್ ತಿಂಗಳಲ್ಲಿ ಒಂದು ದಿನ ಇಡೀ ಊರು ಐನೂರು ವರ್ಷ ಹಿಂದಿನ ಬಟ್ಟೆ ತೊಟ್ಟು ಮೆರವಣಿಗೆ ಹೊರಡುತ್ತದೆ. ಬೇರೆ ಕೇರಿಯವರು ಬಾಡಿಗೆಗೆ ತರುತ್ತಾರೆ. ಇವರ ಕೇರಿಯವರು ಮಾತ್ರ ಚಳಿಗಾಲವಿಡೀ ಕೂತು ಕೈಯಲ್ಲೇ ಹೊಲಿಯುತ್ತಾರೆ. ಮಷಿನ್ ಹೊಲಿಗೆ ಕಂಡರೆ ನೋರ್ಮಾ ಚಿಕ್ಕಮ್ಮ ಅಲ್ಲೇ ಬಿಚ್ಚಿಸುತ್ತಾಳೆ. ಆ ಕಾಲದ ಹೆಂಗಸರ ಉಡುಪಿಗೆ ತೋಳು ಬೇರೆ, ಮೈ ಬೇರೆ. ಭುಜದ ಹತ್ತಿರ ಲಾಡಿಯಿಂದ ಕಟ್ಟಬೇಕು, ತನ್ನ ತೋಳನ್ನು ತಾನೇ ಕಟ್ಟಿಕೊಳ್ಳಲು ಬರುವುದಿಲ್ಲ. ಯಾರು ಕಟ್ಟಿದರೋ ಅವರೇ ಮೆರವಣಿಗೆಯಲ್ಲಿ ಪಕ್ಕ ನಡೆಯುತ್ತಾರೆ, ಕಟ್ಟಿದವನು ಗಂಡಸಾದರೆ ಇಬ್ಬರೂ ಜೋಡಿಯೆಂದು ಊರು ಅರ್ಥಮಾಡಿಕೊಳ್ಳುತ್ತದೆ.

ಓರ್ನೆಲ್ಲಾಳ ತೋಳನ್ನು ಇಷ್ಟು ವರ್ಷ ನೋರ್ಮಾ ಚಿಕ್ಕಮ್ಮನೇ ಕಟ್ಟಿದ್ದಳು. ಒಂದು ಮದುವೆ ಮಾಡಿಕೊಂಡು ಮುಗಿಸಿಕೊಂಡವಳು ಓರ್ನೆಲ್ಲಾ. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಬೇರೆಯವರ ದೃಷ್ಟಿ ಸರಿಮಾಡುತ್ತಿದ್ದಳು. ಈ ವರ್ಷ ಎಲ್ವಿಯೊ ಕೇಳುತ್ತಾನೆ ಎಂದುಕೊಂಡಿದ್ದಳು. ಕೇಳುವ ಮುಖ ಮಾಡಿಕೊಂಡು ಎರಡು ಸಲ ಬಂದಿದ್ದ, ಬಾಯ್ಲರ್ ವಿಷಯ ಮಾತಾಡಿ ಹೋಗಿದ್ದ.

ಆಮೇಲೆ ಅವಳಿಗೆ ಎಲ್ಲೆಲ್ಲೂ ಅದೇ ಕಂಡಿತು. ಸಂತೆಯಲ್ಲಿ ಎಲ್ವಿಯೊ, ಜಿನೆವ್ರಾ ಇಬ್ಬರೂ ದಾರದ ಅಂಗಡಿಯ ಮುಂದೆ ತಲೆ ತಾಗುವಷ್ಟು ಹತ್ತಿರ ನಿಂತಿದ್ದರು. ದಾರಕ್ಕೆ ಜೇನುಮೇಣ ಹಚ್ಚಿದರೆ ಸಿಕ್ಕಾಗುವುದಿಲ್ಲ ಎಂದು ಎಲ್ವಿಯೊ ಒಂದು ದಿನ ತಾನಾಗಿ ಹೇಳಿದ. ಸೂಜಿಯ ಕಣ್ಣೂ ಕಾಣದ ಗಂಡಸಿಗೆ ಈ ಜ್ಞಾನ ಎಲ್ಲಿಂದ ಬಂತು? ಅವನ ಬೆರಳಿಗೆ ಪ್ಲಾಸ್ಟರ್ ಸುತ್ತಿತ್ತು. ಏನಾಯ್ತೆಂದು ಅವಳು ಕೇಳಲಿಲ್ಲ. ಕೇಳುವವಳು ಬೇರೆ ಇದ್ದಾಳಲ್ಲ.

ಜಿನೆವ್ರಾಳ ರವಿಕೆಯ ಅಳತೆ ಹೊಂದಿಸುವ ಕೆಲಸ ಓರ್ನೆಲ್ಲಾಳ ಪಾಲಿಗೆ ಬಂತು. ಮೈಮೇಲೆಯೇ ಬಟ್ಟೆ ಇಟ್ಟು ಪಿನ್ ಚುಚ್ಚುತ್ತಾ ಹೋದಳು. ಒಂದು ಪಿನ್ ಬಿಗಿ, ಇನ್ನೊಂದು ಇನ್ನೂ ಬಿಗಿ.

"ಓರ್ನೆಲ್ಲಾ, ಉಸಿರಾಡೋಕೆ ಆಗ್ತಿಲ್ಲ ಕಣೆ," ಎಂದಳು ಜಿನೆವ್ರಾ.

"ಆ ಕಾಲದಲ್ಲಿ ಯಾರೂ ಅಷ್ಟೊಂದು ಉಸಿರಾಡ್ತಿರಲಿಲ್ಲ."

ನೋರ್ಮಾ ಚಿಕ್ಕಮ್ಮ ಕನ್ನಡಕದ ಮೇಲಿಂದ ಒಂದು ನೋಟ ಎಸೆದಳು. ಜಿನೆವ್ರಾ ಮಾತ್ರ ನಕ್ಕಳು. ಆ ನಗು ಇನ್ನೊಂದು ಪಿನ್ನಿಗೆ ಕಾರಣವಾಯಿತು.

ಆ ಸಂಜೆ ಎಲ್ವಿಯೊ ಮೆಟ್ಟಿಲ ಬಳಿ ಕಾದಿದ್ದ. ಮೆರವಣಿಗೆಯ ದಿನ ತೋಳು ಕಟ್ಟುವುದಕ್ಕೆ ಯಾರಾದರೂ ಇದ್ದಾರಾ ಎಂದು ನೆಲ ನೋಡುತ್ತಾ ಕೇಳಿದ. ಚಳಿಗಾಲವಿಡೀ ಅವಳು ಕಾದ ಮಾತು ಅದು. ಆದರೆ ಕಿವಿಗೆ ಅದು ಕನಿಕರದಂತೆ ಕೇಳಿಸಿತು, ಹಳೇ ಗೆಳತಿಗೆ ಒಂದು ಉಪಕಾರದಂತೆ.

"ಸಾಂದ್ರೊ ಕಟ್ತಾನೆ," ಎಂದುಬಿಟ್ಟಳು.

ಸಾಂದ್ರೊ ಕೇರಿಯ ನಗಾರಿ ಬಾರಿಸುವವನು, ಕನ್ನಡಿ ಕಂಡಲ್ಲೆಲ್ಲ ಮೀಸೆ ತೀಡುವವನು. ಎಲ್ವಿಯೊ ತಲೆಯಾಡಿಸಿ, ಒಳ್ಳೇದಾಯ್ತು ಅಂದ. ಓರ್ನೆಲ್ಲಾ ಮರುದಿನವೇ ಹೋಗಿ ಸಾಂದ್ರೊನನ್ನು ಕೇಳಬೇಕಾಯಿತು. ಸುಳ್ಳನ್ನು ನಿಜ ಮಾಡುವುದು ನಿಜ ಹೇಳುವುದಕ್ಕಿಂತ ಹೆಚ್ಚು ಕೆಲಸ.

ಮೆರವಣಿಗೆಯ ಬೆಳಿಗ್ಗೆ ಕೋಣೆಯ ತುಂಬ ಒಳಂಗಿ ತೊಟ್ಟ ಹೆಂಗಸರು, ಕೂದಲಿನ ಪಿನ್ನುಗಳು, ಅರ್ಧ ಕುಡಿದ ಕಾಫಿಯ ಲೋಟಗಳು. ಓರ್ನೆಲ್ಲಾ ಹಸಿರು ಮಖಮಲ್ಲಿನ ಉಡುಪಿನಲ್ಲಿ ನಿಂತಿದ್ದಳು. ತೋಳಿನ್ನೂ ಕಟ್ಟಿರಲಿಲ್ಲ. ಸಾಂದ್ರೊ ಕಿಟಕಿಯ ಗಾಜಿನಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದ.

ಎಲ್ವಿಯೊ ಒಳಗೆ ಬಂದ. ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ಮೇಜಿನ ಮೇಲಿಟ್ಟ. "ಯಾರು ಕಟ್ಟಿದ್ರೂ ಪರವಾಗಿಲ್ಲ," ಎಂದ, "ಇದನ್ನೇ ಕಟ್ಟಲಿ. ನಿನ್ನ ಹಸಿರಿಗೆ ಹೊಂದುತ್ತೆ." ಅವಳ ಕಣ್ಣನ್ನು ಒಮ್ಮೆ ನೋಡಿ, ಒಲೆಯ ಮೇಲಿಂದ ಕೈ ತೆಗೆದಂತೆ ನೋಟ ತೆಗೆದುಕೊಂಡು ಹೊರಟುಹೋದ.

ಒಳಗಿದ್ದದ್ದು ಒಂದು ಜೊತೆ ತೋಳು. ಕುಂಕುಮಬಣ್ಣದ ರೇಷ್ಮೆ.

ಓರ್ನೆಲ್ಲಾಳ ಎದೆ ಒಂದು ಗಳಿಗೆ ಹಾರಿತು. ಮರುಗಳಿಗೆ ಅಭ್ಯಾಸದ ಕೈ ಅದನ್ನು ಒಳಮಗ್ಗುಲಿಗೆ ತಿರುಗಿಸಿತು. ಟಾಕುಗಳು ಎಡಕ್ಕೆ ವಾಲಿದ್ದವು, ಉದ್ದಕ್ಕೂ.

ಅವಳಿಗೆ ಕೊಡುವ ಉಡುಗೊರೆಯನ್ನೂ ಆ ಹೆಂಗಸಿನ ಕೈಲಿ ಹೊಲಿಸಿದ್ದ. ಕೋಣೆ ದಾಟಿ ಹೋಗಿ ಜಿನೆವ್ರಾಳ ಮಡಿಲಿಗೆ ತೋಳುಗಳನ್ನು ಎಸೆದಳು. "ತಗೋ. ನಿನ್ನ ಕೈಕೆಲಸ ನೀನೇ ಹಾಕ್ಕೋ."

ಜಿನೆವ್ರಾ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಮೊದಲ ಸಲ ಅವಳ ಮುಖದಲ್ಲಿ ನಗುವಿರಲಿಲ್ಲ. "ನನ್ನ ಟಾಕು ಇಷ್ಟು ಕೆಟ್ಟದಾ? ಸರಿಯಾಗಿ ನೋಡು, ತಾಯಿ."

ಓರ್ನೆಲ್ಲಾ ನೋಡಿದಳು. ವಾಲಿದ ದಿಕ್ಕು ಜಿನೆವ್ರಾಳದು. ಆದರೆ ಒಂದು ಟಾಕು ಭತ್ತದಷ್ಟಿದ್ದರೆ ಇನ್ನೊಂದು ಸಾಸಿವೆಯಷ್ಟು. ದಾರ ಗಂಟಾದಲ್ಲಿ ಗಂಟನ್ನೇ ಸೇರಿಸಿ ಹೊಲಿದಿತ್ತು. ಮಣಿಕಟ್ಟಿನ ಬಳಿ ಕಂದಿದ ರಕ್ತದ ಚುಕ್ಕೆ.

ಹೊಲಿದವನು ಎಲ್ವಿಯೊನೇ, ಚಳಿಗಾಲವಿಡೀ ತನ್ನ ಮನೆಗೆ ಬಂದು ಕಲಿತ ಎಂದು ಜಿನೆವ್ರಾ ಹೇಳಿದಳು. ಎದುರು ಕೂತು ಕಲಿ ಎಂದರೆ ಏನೂ ಕಾಣಿಸುವುದಿಲ್ಲ ಎಂದು ಪಕ್ಕದಲ್ಲೇ ಕೂತನಂತೆ. ಅವಳು ಎಡದಿಂದ ಬಲಕ್ಕೆ ಹೋದರೆ ಇವನೂ ಬಲಗೈ ತಿರುಚಿಕೊಂಡು ಹಾಗೇ. ನೀನು ಬಲಗೈಯವನು, ಉಲ್ಟಾ ಹೋಗು ಎಂದರೆ, ಕಲಿತದ್ದನ್ನು ಕೆಡಿಸಬೇಡ ಎಂದು ಬೈದನಂತೆ. ಮೊದಲು ತನ್ನ ಅಂಗಿಯ ಅಸ್ತರನ್ನು ಹೊಲಿದು ಕೈ ಪಳಗಿಸಿಕೊಂಡನಂತೆ.

"ಎದುರಿಗೆ ನಿನ್ನನ್ನ ಕೂರಿಸ್ಕೊಂಡು ಮಾತಾಡೋಕೆ ಬರಲ್ಲ, ಹೊಲ್ದು ಹೇಳ್ತೀನಿ ಅಂದ," ಎಂದಳು ಜಿನೆವ್ರಾ. "ನೀನು ಓದಿದ್ದು ಹೀಗೆ."

ಓರ್ನೆಲ್ಲಾ ಸಾಂದ್ರೊನ ಕಡೆ ತಿರುಗಿ ಕ್ಷಮಿಸು ಎಂದಳು. ಅವನು ಗಾಜಿನಿಂದ ಕಣ್ಣು ತೆಗೆಯದೆ, ತನಗೆ ಹೇಗೂ ಎರಡು ಕೈಯೂ ನಗಾರಿಗೆ ಬೇಕು ಎಂದ.

ಒಳಂಗಿಯ ತೋಳಿನಲ್ಲಿ ಬೀದಿಗೆ ಇಳಿಯುವ ಹುಡುಗಿಯರನ್ನು ಪ್ರತಿವರ್ಷ ಗದರಿಸುತ್ತಿದ್ದ ಓರ್ನೆಲ್ಲಾ, ಅಂದು ಹಾಗೆಯೇ, ಆ ರೇಷ್ಮೆ ತೋಳುಗಳನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಅಂಗಳಕ್ಕೆ ಬಂದಳು. ಸಾಲುಗಟ್ಟಿದ್ದವರು ತಿರುಗಿ ನೋಡಿದರು. ಎಲ್ವಿಯೊ ಬಾವುಟದವರ ಹಿಂದೆ ಒಬ್ಬನೇ ನಿಂತಿದ್ದ.

"ಕಟ್ಟು," ಎಂದಳು.

"ಸಾಂದ್ರೊ?"

"ನಾನೇ ಆಮೇಲೆ ಹೋಗಿ ಅವನನ್ನ ಕೇಳಿದ್ದು. ಅವತ್ತು ಮೆಟ್ಟಿಲ ಹತ್ರ ಹೇಳಿದ್ದು ಸುಳ್ಳು. ನೀನು ಆ ಟೀಚರ್ ಪಕ್ಕ ನಿಂತಿದ್ದು ನೋಡಿ ನಂಗೆ ಅನ್ನ ಸೇರ್ತಿರಲಿಲ್ಲ, ಎಲ್ವಿಯೊ. ಅವಳ ರವಿಕೆ ಬಿಗಿಯಾಗಿದೆ, ಅದಕ್ಕೂ ನೀನೇ ಕಾರಣ."

ಅವನ ಕಿವಿ ಕೆಂಪಾಗಿತ್ತು. ಪೈಪುಗಳನ್ನು ತಿರುಗಿಸಿ ಒರಟಾದ ಬೆರಳುಗಳು ಅವಳ ಭುಜದ ಮೇಲೆ ಲಾಡಿ ಹುಡುಕಿದವು. ಅವಳು ಕುತ್ತಿಗೆ ಪಕ್ಕಕ್ಕೆ ವಾಲಿಸಿ ಜಾಗ ಕೊಟ್ಟಳು. ಅವನ ಉಸಿರು ಅಲ್ಲೇ ತಾಗಿತು. ಎಡದ ತೋಳು ಚೆನ್ನಾಗಿ ಕೂತಿತು. ಬಲದ್ದು ಕೂರಲಿಲ್ಲ. ಮೊಣಕೈಗೆಂದು ಕತ್ತರಿಸಿದ ಉಬ್ಬು ಹಿಂದಕ್ಕೆ ಬರಬೇಕಾದದ್ದು ಮುಂದೆ ಬಂದಿತ್ತು.

ಬಟ್ಟೆಯನ್ನು ಕನ್ನಡಿಯಂತೆ ತಿರುಗಿಸದೆ, ಒಂದೇ ಅಚ್ಚಿನಿಂದ ಎರಡು ಸಲ ಕತ್ತರಿಸಿದ್ದ. ಎರಡೂ ಎಡಗೈಯ ತೋಳು. ಇಷ್ಟು ಹೊತ್ತು ಓರ್ನೆಲ್ಲಾಳ ಹೊಟ್ಟೆಕಿಚ್ಚಿನ ಕಣ್ಣಿಗೆ ಟಾಕು ಕಂಡಿತ್ತು, ತೋಳು ಕಂಡಿರಲಿಲ್ಲ.

ನೋರ್ಮಾ ಚಿಕ್ಕಮ್ಮ ಕೋಲೂರಿಕೊಂಡು ಬಂದಳು. "ಏನೇ ಇದು, ಕೈ ಮುರಿದವಳ ಥರ. ಬಿಚ್ಚು, ನನ್ನ ಪೆಟ್ಟಿಗೇಲಿ ಬೇರೆ ಜೊತೆ ಇದೆ."

ಎಲ್ವಿಯೊ ಗಂಟು ಬಿಚ್ಚಲು ಕೈ ಹಾಕಿದ. ಓರ್ನೆಲ್ಲಾ ಆ ಕೈಯನ್ನು ಹಿಡಿದು ತಡೆದಳು.

"ಬಿಚ್ಚಲ್ಲ ಚಿಕ್ಕಮ್ಮ."

"ಊರೆಲ್ಲ ನೋಡುತ್ತೆ ಕಣೆ. ಅದೂ ನಿನ್ನ ಮೈಮೇಲೆ."

"ನೋಡಲಿ ಅಂತಲೇ ಹಾಕ್ಕೊಂಡಿರೋದು."

ನಗಾರಿ ಶುರುವಾಯಿತು. ಮುಂದಕ್ಕೆ ಉಬ್ಬಿದ ಬಲತೋಳನ್ನು ಏನು ಮಾಡುವುದೆಂದು ತಿಳಿಯದೆ, ಅದನ್ನು ಅವನ ತೋಳಿನೊಳಗೆ ಸೇರಿಸಿದಳು. ಅಲ್ಲಿ ಅದು ಸರಿಯಾಗಿ ಹೊಂದಿತು.

"ಮುಂದಿನ ಚಳಿಗಾಲಕ್ಕೆ ಬಲಗೈದು ಹೊಲ್ದುಕೊಡ್ತೀನಿ," ಎಂದ ಎಲ್ವಿಯೊ, ನಡೆಯುತ್ತಾ.

"ಯಾರ ಹತ್ರ ಕಲೀತೀಯ?"

"ಯಾರು ಪಕ್ಕ ಕೂರಿಸ್ಕೊಳ್ತಾರೋ ಅವರ ಹತ್ರ."

"ಹಾಗಾದ್ರೆ ಬೇರೆ ಯಾರ ಪಕ್ಕಾನೂ ಕೂರಬೇಡ," ಎಂದಳು ಓರ್ನೆಲ್ಲಾ.