ಒಳಮೈ ಹೊರಗಾದ ಕೋಟು

"ನನ್ನ ಬಟ್ಟೆಯ ಒಳಮೈ ಹೊರಗೆ ಹಾಕಿ ಹೊಲಿದಿದ್ದೀರಲ್ಲ... ನಾನು ಅಷ್ಟೊಂದು ಬೇಡವಾಗಿದ್ನಾ?"

ಟೋಕಿಯೊದ ಉಡುಪುಗಳ ಪ್ರದರ್ಶನವೊಂದರಲ್ಲಿ, ತೂಗುಹಾಕಿದ್ದ ಕೋಟನ್ನು ತೋರಿಸಿ ಕನಾಯೆ ಕೇಳಿದಳು. ಎದುರಿಗಿದ್ದ ಶುಹೇಯ್ ಎಂದಿನಂತೆ ಬಾಯಿ ಬಿಡಲಿಲ್ಲ. ಮಾತಾಡಿದರೆ ಮುತ್ತು ಉದುರೀತೆಂದು ಹೆದರುವ ಆಸಾಮಿ!

ಇಚಿನೊಮಿಯ ಎಂಬ ಊರಿನಲ್ಲಿ ಅವಳ ಅಪ್ಪನ ಹಳೆಯ ಮಗ್ಗಗಳು ಉಣ್ಣೆ ನೇಯುತ್ತಿದ್ದವು. ಕಡಿದ ಎಳೆಗಳನ್ನು ಸೂಜಿಯಿಂದ ಕೂಡಿಸಿ, ಗಂಟುಗಳನ್ನು ಒಳಮೈಗೆ ತಳ್ಳಿ ಮರೆಮಾಡುವುದು ಕನಾಯೆಯ ಕೆಲಸ. ಜಪಾನಿನ ಬಟ್ಟೆ ಬಿಟ್ಟು ಬೇರೆ ಮುಟ್ಟದ ಶುಹೇಯ್, ತನ್ನ ಪುಟ್ಟ ಬ್ರಾಂಡಿನ ವಿಚಿತ್ರ ಕೋಟುಗಳಿಗೆ ಬಟ್ಟೆ ಕೊಳ್ಳಲು ತಿಂಗಳು ತಿಂಗಳೂ ಅಲ್ಲಿಗೆ ಬರುತ್ತಿದ್ದ. ಪಕ್ಕದಲ್ಲಿ ಕೂತು ಅವಳ ಸೂಜಿಯನ್ನೇ ನೋಡುತ್ತಿದ್ದ. ಅವಳು ಮನಸೋತಿದ್ದಳು.

ವಸಂತ ಕಳೆದ ಮೇಲೆ ಅವನ ಸುಳಿವೇ ಇಲ್ಲ! ದಾರಿ ಕಾದು ಕಾದು ಕಣ್ಣು ಸೋತವು. ಇತ್ತ ಸೋದರತ್ತೆ ಗಿಫು ಊರಿನಿಂದ ಮದುವೆಯ ಸಂಬಂಧ ತಂದಳು. ಇಂದು ಸಂಜೆಯೊಳಗೆ ಉತ್ತರ ಹೇಳಬೇಕು. ಕಡೆಗೊಮ್ಮೆ ಅವನನ್ನು ನೋಡೋಣವೆಂದು ಬಂದರೆ... ಈ ಅವಮಾನ!

"ಹೊರಮೈಯಲ್ಲಿ ಒಂದು ಕುಂದೂ ಕಾಣದ ಹಾಗೆ ಮಾಡಿದ್ದೆ. ನಿಮಗೋಸ್ಕರ! ನೀವು ನೋಡಿದ್ರೆ ಗಂಟುಗಳನ್ನೇ ಊರಿಗೆಲ್ಲ ತೋರಿಸ್ತಿದ್ದೀರ."

"ಹೊರಮೈ ಮಗ್ಗದ್ದು," ಎಂದ ಶುಹೇಯ್ ಮೆಲ್ಲಗೆ. "ಅಲ್ಲಿ ಹುಡುಕಿದೆ, ನೀವು ಸಿಗಲಿಲ್ಲ. ಒಳಗಡೆ ಸಿಕ್ಕಿದ್ರಿ. ಒಂದೊಂದು ಗಂಟೂ ನಿಮ್ಮ ಬೆರಳು ಆಡಿದ ಜಾಗ. ಅದನ್ನ ಹೇಗೆ ಮುಚ್ಚಿಡ್ಲಿ?"

ಕನಾಯೆ ಕೋಟನ್ನು ಮುಟ್ಟಿ ನೋಡಿದಳು. ಗಂಟುಗಳೆಲ್ಲ ಎಡಗಡೆ ಎದೆಯ ಮೇಲೆ ಬರುವಂತೆ ಅವನು ಕತ್ತರಿಸಿದ್ದ. ಅವಳ ಕಣ್ಣು ತುಂಬಿ ಬಂತು.

"ಮತ್ತೆ... ಬರೋದು ಯಾಕೆ ಬಿಟ್ರಿ?"

"ನಿಮ್ಮತ್ತೆ ಟೀ ಕೊಡ್ತಾ, 'ನಮ್ಮ ಹುಡುಗಿಗೆ ಗಂಡು ನೋಡ್ತಿದ್ದೀವಿ' ಅಂದ್ರು. ಇನ್ನು ಬರಬೇಡಪ್ಪ ಅಂತ ಅರ್ಥ ಮಾಡ್ಕೊಂಡೆ."

ಅತ್ತೆಯ ಬುದ್ಧಿ ಅವಳಿಗೆ ಗೊತ್ತಿಲ್ಲವೇ!

"ಅಯ್ಯೋ ಪೆದ್ದು! ನಿಮ್ಮ ಬಾಯಿ ಬಿಡಿಸೋಕೆ ಹಾಗಂದಿದ್ದು! ಗಿಫು ಸಂಬಂಧಕ್ಕೆ ಇವತ್ತೇ ಉತ್ತರ ಕೊಡ್ಬೇಕು, ಈಗಲಾದ್ರೂ ನೀವೇ ಹೇಳಿ. ಕೋಟಿನ ಕೈಲಿ ಹೇಳಿಸಬೇಡಿ."

ಅವನ ಕಿವಿ ಕೆಂಪಾಯಿತು.

"ನಿಮ್ಮನ್ನ ಪ್ರೀತಿಸ್ತೀನಿ, ಕನಾಯೆ. ಗಿಫುಗೆ... ಹೋಗಬೇಡಿ."

ಅವಳು ಅಲ್ಲೇ ಫೋನ್ ತೆಗೆದಳು.

"ಅತ್ತೆ, ಆ ಸಂಬಂಧ ಬೇಡ."

"ಯಾಕೆ? ಆ ಮೂಗ ದರ್ಜಿ ಸಿಕ್ಕಿದ್ನಾ?"

"ಸಿಕ್ಕಿದ್ರು. ಮಾತೂ ಬಂತು!"

ಆ ಕಡೆಯಿಂದ ಅತ್ತೆ ಏನೋ ಗೊಣಗಿ ಫೋನಿಟ್ಟಳು.

"ಏನಂದ್ರು?" ಶುಹೇಯ್ ಹತ್ತಿರ ಬಂದು ಕೇಳಿದ.

"ಮಿಸೊ ಉಡೋನ್ ಶಾವಿಗೆ ಮಾಡ್ತಾರಂತೆ. ಊಟಕ್ಕೆ ಕರ್ಕೊಂಡು ಬಾ ಅಂದ್ರು."

"ಅಂದ್ರೆ... ಇದಕ್ಕೇನರ್ಥ?"

ಕನಾಯೆ ನಗುತ್ತ ಅವನ ಕೈ ಹಿಡಿದಳು.

"ಊಟಕ್ಕೆ ಬನ್ನಿ ಅಂತಲೇ ಅರ್ಥ. ನಡೀರಿ."