ಗುರುವಾರದ ಕ್ಯಾಸೆಟ್

"ಕೊನೇ ಸಲ ಕೇಳ್ತೀನಿ ಸಡಬಿ. ನನ್ನ ಗೋದಾಮಿಗೆ ಯಾಕೋ ನುಗ್ಗಿದೆ?"

ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ತಲೆಕೆಳಗಾಗಿ ನೇತಾಡುತ್ತಿದ್ದೆ!

ಮೂರನೇ ಮಹಡಿಯ ಕಿಟಕಿ. ನನ್ನ ಎರಡೂ ಕಾಲು ಟ್ರೆವ್ ಎಂಬ ದಾಂಡಿಗನ ಕೈಯಲ್ಲಿ. ಕೆಳಗೆ ಹಲ್ ನದಿ, ಉಬ್ಬರದ ಹೊತ್ತು, ದಡದವರೆಗೂ ಕಂದು ನೀರು. ಮಾರ್ಚ್ ತಿಂಗಳು ಬೇರೆ. ಆ ನೀರಿಗೆ ಬಿದ್ದವನು ಈಜಿ ಬಂದ ಕತೆಯನ್ನು ನಾನಂತೂ ಕೇಳಿಲ್ಲ.

"ಕ್ಯಾಸೆಟ್..." ಅಂದೆ. "ಡೆನೀಸ್‌ದು. ಅವಳ ಅಮ್ಮನಿಗೆ ವಾಪಸ್ ಕೊಡು."

ನೆವಿಲ್ ಕ್ರೇಕ್ ಕಿಟಕಿಯಿಂದ ಬಗ್ಗಿ ನೋಡಿ ನಕ್ಕ. ಯಾರಿಗೂ ಗೊತ್ತಿಲ್ಲದ ಬ್ಯಾಂಡುಗಳ ರೆಕಾರ್ಡ್ ಅಚ್ಚು ಹಾಕಿಸಿ ಮಾರುವುದು ಅವನ ದಂಧೆ. ಬ್ಯಾಂಡಿನಲ್ಲಿ ಒಬ್ಬರು ಸತ್ತಿದ್ದರಂತೂ ಅವನಿಗೆ ಹಬ್ಬ.

"ಅವಳ ಅಮ್ಮನೇ ಪೋಸ್ಟ್ ಮಾಡಿದ್ದು ಕಣೋ. ನಾನೇನು ಕದ್ದೆನಾ?"

ಅದು ನಿಜ. ನನ್ನ ಸಂಕಟವೂ ಅದೇ!

ನಾನು ಯಾರು ಅಂತ ಹೇಳಿಬಿಡುತ್ತೇನೆ. ರೇ ಸಡಬಿ. ಕಳುವಾದ ಗಿಟಾರು, ಆಂಪ್ಲಿಫೈಯರು ಹುಡುಕಿಕೊಡುವವನು. ಎಂಬತ್ತೈದನೇ ಇಸವಿಯಲ್ಲಿ, ಇಂಗ್ಲೆಂಡಿನ ನಮ್ಮ ಹಲ್‌ನಲ್ಲಿ ಮೀನಿನ ಹಡಗುಗಳೆಲ್ಲ ನಿಂತು ಹೋಗಿದ್ದವು. ಹುಡುಗರಿಗೆ ಕೆಲಸವಿಲ್ಲ. ಹಾಗಾಗಿ ಬೀದಿಗೆ ನಾಲ್ಕು ಬ್ಯಾಂಡು. ನನಗೆ ಕೈತುಂಬ ಕೆಲಸ.

ಹೋದ ತಿಂಗಳು ಡೋರೀನ್ ಸ್ಟೇದರ್ಸ್ ಕರೆಸಿದಳು. ಮೀನು ಕತ್ತರಿಸುವ ಶೆಡ್ಡಿನಲ್ಲಿ ಮೂವತ್ತು ವರ್ಷ ದುಡಿದ ಹೆಂಗಸು. ಊರೆಲ್ಲ ಹೆದರುವ ಬಾಯಿ. ಅವತ್ತು ಆ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಒಬ್ಬಳೇ ಮಗಳು ಡೆನೀಸ್, ಇಪ್ಪತ್ತೆರಡು ವರ್ಷ. ಜನವರಿಯಲ್ಲಿ ಮ್ಯಾಂಚೆಸ್ಟರಿಗೆ ಹೋಗುವ ದಾರಿಯಲ್ಲಿ, ಮಂಜುಗಟ್ಟಿದ ಘಾಟಿಯಲ್ಲಿ ವ್ಯಾನು ಉರುಳಿ ತೀರಿಕೊಂಡಳು.

ಡೆನೀಸ್ ಮತ್ತು ಅವಳ ಗೆಳೆಯ ಕಾಲಿನ್, ಇಬ್ಬರದೇ ಬ್ಯಾಂಡು. ಹೆಸರು ಕೆಟಲ್ ವೆದರ್. ಹೊಲಿಗೆ ಯಂತ್ರ, ಹಡಗಿನ ಸಿಳ್ಳೆ, ಕಸ ಹೀರುವ ಮೆಷಿನ್ನು... ಇವೇ ಅವರ ವಾದ್ಯ! ಅಂಗಡಿಯಲ್ಲಿ ಅವರ ರೆಕಾರ್ಡ್ ಸಿಗುತ್ತಿರಲಿಲ್ಲ. ಬೇಕಾದವರು ಒಂದು ಖಾಲಿ ಕ್ಯಾಸೆಟ್, ಸ್ಟಾಂಪ್ ಹಚ್ಚಿದ ಕವರ್ ಕಳಿಸಬೇಕು. ಡೆನೀಸ್ ಅದಕ್ಕೆ ಹಾಡು ತುಂಬಿ ವಾಪಸ್ ಹಾಕುತ್ತಿದ್ದಳು. ಇಂಥ ಬ್ಯಾಂಡುಗಳಲ್ಲೆಲ್ಲ ಇದೇ ಪದ್ಧತಿ.

ಅವಳು ಸತ್ತ ಮೇಲೂ ಕವರುಗಳು ಬರುತ್ತಲೇ ಇದ್ದವು.

"ದೂರದ ಊರಿನೋರು ಕಣಪ್ಪ," ಅಂದಳು ಡೋರೀನ್. "ಪಾಪ, ಕಾಯ್ತಾ ಇರ್ತಾರೆ. ಮಗಳು ಮಾತಿಗೆ ತಪ್ಪಿದಳು ಅಂತ ಆಗಬಾರದಲ್ಲ. ಅವಳ ಡಬ್ಬೀಲಿ ಇದ್ದದ್ದನ್ನ ಒಂದೊಂದೇ ಕವರಿಗೆ ಹಾಕಿ ಕಳಿಸಿಬಿಟ್ಟೆ."

"ಕಾಪಿ ಮಾಡಿ ತಾನೇ ಅಕ್ಕ?"

"ಕಾಪಿ ಅಂದ್ರೆ?"

ಮಗಳು ಬಿಟ್ಟುಹೋದದ್ದನ್ನೆಲ್ಲ ಈ ತಾಯಿ ತನ್ನ ಕೈಯಾರೆ ಊರೂರಿಗೆ ಹಂಚಿದ್ದಳು!

ಹನ್ನೊಂದು ಜನಕ್ಕೆ ಪತ್ರ ಬರೆದೆ. ಹತ್ತು ಜನ ಕ್ಷಮೆ ಕೇಳಿ ವಾಪಸ್ ಕಳಿಸಿದರು. ಒಬ್ಬ ಹುಡುಗಿ ಹೂವನ್ನೂ ಇಟ್ಟಿದ್ದಳು. ಹತ್ತನ್ನೂ ಹಾಕಿ ಕೇಳಿದೆವು. ಬರೀ ಹೊಲಿಗೆ ಯಂತ್ರ, ಬರೀ ಸಿಳ್ಳೆ. ಡೆನೀಸ್ ಒಂದರಲ್ಲೂ ಬಾಯಿ ಬಿಟ್ಟಿರಲಿಲ್ಲ.

"ಇದಲ್ಲ ರೇ," ಅಂದಳು ಡೋರೀನ್. "ಕೊನೇ ಗುರುವಾರ ಮಾಡಿದ್ದು ಒಂದಿದೆ. ಅದರಲ್ಲಿ ಹಾಡಿದಾಳೆ. ಕೊನೇಲಿ ಮಾತಾಡ್ತಾಳೆ. ಆ ಮಾತು ನಂಗೆ ಬೇಕು. ಮಗೂ ದನಿ ಮರೆತುಹೋಗ್ತಿದೆ ಕಣೋ... ರಾತ್ರಿ ಎಷ್ಟು ನೆನೆಸಿಕೊಂಡರೂ ಬರೊಲ್ಲ."

ಹನ್ನೊಂದನೆಯವನೇ ಕ್ರೇಕ್.

ಈಗ ಗೊತ್ತಾಯಿತಲ್ಲ, ನಾನು ಯಾಕೆ ನೇತಾಡುತ್ತಿದ್ದೆ ಅಂತ?

"ಬಿಡೋ ಟ್ರೆವ್," ಅಂದ ಕ್ರೇಕ್.

"ಟ್ರೆವ್!" ಕಿರುಚಿದೆ. "ಎಂಬತ್ತೊಂದರಲ್ಲಿ ನಿನ್ನ ಡ್ರಮ್ ಸೆಟ್ ಕಳುವಾಯ್ತಲ್ಲ... ಹುಡುಕಿಕೊಟ್ಟೋನು ಯಾರು?"

ಟ್ರೆವ್ ಯಾವ ಕೆಲಸವನ್ನೂ ಬೇಗ ಮಾಡುವವನಲ್ಲ. ಯೋಚನೆಯಂತೂ ಇನ್ನೂ ನಿಧಾನ.

"ನೀನಾ?"

"ನಾನೇ ಮಾರಾಯ! ಗ್ರಿಮ್ಸ್‌ಬಿ ತನಕ ಹೋಗಿ ತಂದಿದ್ದೆ!"

"ಅಯ್ಯೋ... ತಲೆಕೆಳಗಿದ್ದೀಯಲ್ಲ, ಗುರುತೇ ಸಿಗಲಿಲ್ಲ ನೋಡು."

ಸರ್ರನೆ ಮೇಲಕ್ಕೆಳೆದ. ಕಾಲು ನೆಲಕ್ಕೆ ತಾಗುವಷ್ಟರಲ್ಲಿ ಕ್ರೇಕ್ ಕ್ಯಾಸೆಟ್ ಜೇಬಿಗಿಳಿಸಿ ಮೆಟ್ಟಿಲ ಹತ್ತಿರ ಇದ್ದ. ನಾನು ಹಿಂದೆಯೇ ಹಾರಿದೆ. ಅವನ ಕೆಂಪು ಕಾರು ಬುರ್ರೆಂದಿತು. ನನ್ನ ಮುದಿ ವ್ಯಾನು ಕೆಮ್ಮಿ, ಕ್ಯಾಕರಿಸಿ, ಕೊನೆಗೆ ಹೊರಟಿತು!

ಕ್ಲೀವ್‌ಲ್ಯಾಂಡ್ ಸ್ಟ್ರೀಟ್. ಬಲಕ್ಕೆ ತಿರುವು. ಕೆಂಪು ದೀಪ, ನಾನು ನೋಡಲಿಲ್ಲ ಅಂದುಕೊಳ್ಳಿ. ಹಾಲಿನ ಗಾಡಿಯವನು ನನ್ನ ವಂಶವನ್ನೇ ಜಾಲಾಡಿದ. ಕ್ರೇಕ್ ದೂರ ಆಗುತ್ತಿದ್ದ. ಸೇತುವೆ ದಾಟಿದನೋ, ಮುಗಿಯಿತು.

ಆಗ ಸೇತುವೆಯ ಗಂಟೆ ಹೊಡೆಯಿತು.

ಉಬ್ಬರದ ಹೊತ್ತಲ್ಲವೇ! ಯಾವುದೋ ಸರಕಿನ ದೋಣಿ ಬರುತ್ತಿತ್ತು. ಗೇಟು ಬಿತ್ತು. ದೋಣಿಗೆ ದಾರಿ ಬಿಡಲು ಸೇತುವೆ ನಿಧಾನವಾಗಿ ಎದ್ದು ನಿಂತಿತು. ಈ ಊರಿನವರೆಲ್ಲ ಆ ಸೇತುವೆಗೆ ಶಾಪ ಹಾಕುತ್ತಾರೆ. ನಾನು ಅವತ್ತು ಕೈ ಮುಗಿದೆ.

ಕ್ರೇಕ್ ಕಾರು ಬಿಟ್ಟು ಇಳಿದ. ಹಿಂದೆ ನಾನು, ಮುಂದೆ ನೀರು. ಕಂಬಿಯ ಆಚೆ ಕೈ ಚಾಚಿದ. ಬೆರಳ ತುದಿಯಲ್ಲಿ ಕ್ಯಾಸೆಟ್!

"ಒಂದು ಹೆಜ್ಜೆ ಇಟ್ಟರೆ ನದಿಗೆ!"

ನಿಂತೆ.

"ಹಾಕು," ಅಂದೆ.

"ಏನು?"

"ಹಾಕು ನೆವಿಲ್. ಕಾಪಿ ಮಾಡಿಟ್ಟುಕೊಂಡಿದ್ದೀಯಲ್ಲ?"

ಅವನು ಉಗುಳು ನುಂಗಿದ. ನನಗೆ ಅಷ್ಟು ಸಾಕಾಯಿತು. ಕಾಪಿ ಇಲ್ಲ, ಮಾಡಿಸಲು ಸ್ಟುಡಿಯೋ ಇನ್ನೂ ಸಿಕ್ಕಿರಲಿಲ್ಲ ಅವನಿಗೆ. ಭೂಮಿಯ ಮೇಲೆ ಅದೊಂದೇ ಕ್ಯಾಸೆಟ್, ಅವನು ಅಚ್ಚು ಹಾಕಿಸಬೇಕೆಂದಿದ್ದ ರೆಕಾರ್ಡೂ ಅದೇ. ಅದನ್ನು ಅವನು ನೀರಿಗೆ ಹಾಕುತ್ತಾನೆಯೇ?

ಹತ್ತಿರ ಹೋಗಿ ಕೈ ಹಿಡಿದೆ. ಮೊಣಕಾಲಿನಿಂದ ಪಕ್ಕೆಗೆ ಒಂದು ಕೊಟ್ಟ. ನಾನು ಮೂಗಿಗೆ ಒಂದು ಕೊಟ್ಟೆ. ಲೆಕ್ಕ ಚುಕ್ತಾ, ಕ್ಯಾಸೆಟ್ ನನ್ನ ಜೇಬಿಗೆ.

"ಆ ಮುದುಕಿಗೆ ಏನು ಅರ್ಥ ಆಗುತ್ತೋ ಇದು?" ಮೂಗು ಹಿಡಿದುಕೊಂಡು ಕೂಗಿದ. "ಕಲೆ ಕಣೋ ಅದು!"

"ಅವಳಿಗೆ ಕಲೆ ಬೇಡ್ವಂತೆ. ಮಗಳು ಸಾಕಂತೆ," ಅಂದೆ.

ವ್ಯಾನನ್ನು ಮೀನಿನ ಬಂದರುಕಟ್ಟೆಯ ಹತ್ತಿರ ನಿಲ್ಲಿಸಿದೆ. ಕೇಳಬಾರದಿತ್ತು. ಆದರೆ ಕ್ರೇಕನನ್ನು ನಂಬುವ ಹಾಗಿರಲಿಲ್ಲ, ಬೇರೆ ಕ್ಯಾಸೆಟ್ ಹಿಡಿದು ನಾಟಕ ಆಡಿದ್ದರೆ? ಬ್ಯಾಟರಿ ರೆಕಾರ್ಡರ್ ತೆಗೆದು ಹಾಕಿದೆ.

ಹೊಲಿಗೆ ಯಂತ್ರದ ಸದ್ದು. ಅದರ ಮೇಲೆ ಡೆನೀಸ್ ಹಾಡಿದಳು. ಯಾರೂ ಕೇಳುತ್ತಿಲ್ಲ ಎಂದುಕೊಂಡು ಹಾಡುತ್ತಾರಲ್ಲ, ಹಾಗೆ. ಇಂಥ ದನಿ ಇಟ್ಟುಕೊಂಡು ಈ ಹುಡುಗಿ ಇಷ್ಟು ದಿನ ಯಾಕೆ ಸುಮ್ಮನಿದ್ದಳು?

ಹಾಡು ಮುಗಿಯಿತು. ಮೆಟ್ಟಿಲ ಕಡೆಯಿಂದ ಡೋರೀನಳ ಕೂಗು.

"ಡೆನೀಸ್! ಆ ಗಲಾಟೆ ನಿಲ್ಲಿಸೇ! ಊಟ ಆರಿಹೋಗ್ತಿದೆ!"

"ಬಂದೆ ಅಮ್ಮಾ!"

ಆಮೇಲೆ ತಗ್ಗಿದ ದನಿ. ಕಾಲಿನ್‌ಗೆ ಹೇಳುತ್ತಿದ್ದಳು.

"ಥೂ! ಈ ಹೆಂಗಸಿನ ಕಿರುಚಾಟ, ಆ ಮೀನಿನ ನಾತ... ಉಸಿರು ಕಟ್ಟುತ್ತೆ ನಂಗೆ. ಶನಿವಾರ ಹೊರಟುಬಿಡೋಣ ಕಾಲಿನ್. ಅವಳಿಗೆ ಹೇಳೋದೇ ಬೇಡ. ಸತ್ತರೂ ಈ ಮನೆಗೆ ಕಾಲಿಡಲ್ಲ ನಾನು."

ಅಷ್ಟೇ. ಆ ಶನಿವಾರವೇ ವ್ಯಾನು ಉರುಳಿದ್ದು.

ಪಕ್ಕೆ ನೋಯುತ್ತಿತ್ತು. ಇದನ್ನು ಆ ತಾಯಿಯ ಕೈಗೆ ಹೇಗೆ ಕೊಡಲಿ? ಮಗಳನ್ನು ಒಂದು ಸಲ ಮಣ್ಣು ಮಾಡಿ ಬಂದವಳು. ಇನ್ನೊಂದು ಸಲ ಮಾಡಿಸಲೇ?

ಅಳಿಸಬಾರದು ಅಂತ ಡೆನೀಸ್ ಕ್ಯಾಸೆಟ್ಟಿನ ಅಂಚಿನ ಚಿಕ್ಕ ಚೂರನ್ನು ಮುರಿದಿದ್ದಳು. ಅದು ಮುರಿದರೆ ರೆಕಾರ್ಡಿಂಗ್ ಗುಂಡಿ ಒತ್ತಲು ಆಗುವುದಿಲ್ಲ. ಆ ಕಿಂಡಿಗೆ ಸೆಲ್ಲೋಟೇಪ್ ಅಂಟಿಸಿದೆ. 'ಬಂದೆ ಅಮ್ಮಾ' ಆದ ಮೇಲೆ ನಿಲ್ಲಿಸಿದೆ. ಮೈಕನ್ನು ಬಿಗಿಯಾಗಿ ಮುಚ್ಚಿದೆ. ಗುಂಡಿ ಒತ್ತಿದೆ.

ಹದಿನೈದು ಸೆಕೆಂಡು. ಆ ಮಾತು ಅಳಿಸಿಹೋಯಿತು.

ಡೋರೀನ್ ಏಪ್ರನ್ ಕೂಡ ಬಿಚ್ಚದೆ ಅಡುಗೆಮನೆಯ ಮೇಜಿನ ಮುಂದೆ ಕೂತಳು. ಹಾಡು ಶುರುವಾಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ತನ್ನದೇ ಬೈಗುಳ ಕೇಳಿ ಅಳುತ್ತಲೇ ನಕ್ಕಳು. 'ಬಂದೆ ಅಮ್ಮಾ' ಬಂತು. ಮೇಜಿನ ಮೇಲೆ ಬಗ್ಗಿ ಕಿವಿಯನ್ನು ರೆಕಾರ್ಡರಿಗೆ ತಾಗಿಸಿದಳು.

ಬರೀ ಸ್‌ಸ್‌ಸ್...

"ಆಮೇಲೆ?"

"ಅಷ್ಟೇ ಅಕ್ಕ."

"ಇಲ್ಲ ರೇ. ಇನ್ನೂ ಇದೆ. ನನ್ನನ್ನ ಬೈತಾಳೆ. ಮೀನಿನ ನಾತ ಅಂತಾಳೆ, ಸತ್ತರೂ ಬರಲ್ಲ ಅಂತಾಳೆ. ಊಟಕ್ಕೆ ಕೂಗ್ತಾನೇ ಮೆಟ್ಟಿಲು ಹತ್ತಿದ್ದೆ, ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡೆ, ಒಳಗೆ ರೆಕಾರ್ಡರ್ ಓಡ್ತಾನೇ ಇತ್ತು."

ನಾನು ರೆಕಾರ್ಡರಿನ ಗುಂಡಿ ಒತ್ತಿ ನಿಲ್ಲಿಸಿದೆ.

"ಮತ್ತೆ... ಅದನ್ನೇ ಯಾಕಕ್ಕ ಕೇಳ್ತೀಯ?"

"ಹಾಡೋ ಡೆನೀಸ್ ಯಾರೋ ನಂಗೆ ಗೊತ್ತಿಲ್ಲ ಕಣೋ. ನನ್ನ ಎದುರು ಒಂದಿನಾನೂ ಹಾಡಲಿಲ್ಲ. ನನ್ನನ್ನ ಬೈಯೋಳಿದ್ದಳಲ್ಲ... ಅವಳು ನನ್ನ ಮಗಳು. ಹಂಗೇ ಬೈತಿದ್ದಳು ದಿನಾ. ಅವಳು ಬೇಕಿತ್ತು ನಂಗೆ. ಎಲ್ಲಿ ಹೋಯ್ತು ರೇ ಅದು? ಯಾರು ಅಳಿಸಿದ್ದು?"

ನನ್ನ ಮೂವತ್ತೆಂಟು ವರ್ಷದ ಬದುಕಿನಲ್ಲಿ ಪಿಸ್ತೂಲು ನೋಡಿದ್ದೇನೆ, ಚಾಕು ನೋಡಿದ್ದೇನೆ. ಆ ಹೆಂಗಸಿನ ಕಣ್ಣು ನೋಡಲಾಗಲಿಲ್ಲ.

"ಕ್ರೇಕ್," ಅಂದೆ.

ಡೋರೀನ್ ಎದ್ದು ನಿಂತಳು. ಹಳೆಯ ಬಾಯಿ ವಾಪಸ್ ಬಂದಿತ್ತು. ಅವನ ಕೈ ಸೇದಿಹೋಗಲಿ ಅಂದಳು. ನಾಲಿಗೆಗೆ ಹುಳ ಬೀಳಲಿ ಅಂದಳು. ಸಾಯುವಾಗ ಬಾಯಿಗೆ ನೀರು ಬಿಡುವವರು ಇಲ್ಲದೆ ಹೋಗಲಿ ಅಂದಳು.

ನಾನು ತಲೆ ತಗ್ಗಿಸಿ ಕೂತು, ಒಂದೂ ಬಿಡದೆ ಎಲ್ಲ ಇಸಿದುಕೊಂಡೆ.