ಒಡೆಯದ ಗಾಜು

"ಇನ್ನೊಂದು ಮನೇಲಿ ಇದೇ ಥರ ಕಳ್ಳತನ ಆಗ್ಲಿ ನೋಡಮ್ಮ, ನಿನ್ನ ಗಂಡನ್ನ ನಾವೇ ಮನೆಗೆ ತಂದು ಬಿಡ್ತೀವಿ," ಎಂದು ದಫೇದಾರ ತಮಾಷೆಗೆ ಹೇಳಿದ್ದ. ಅವಳಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ.

ಕಿಟಕಿಗೆ ಗಾಜು ಕೂರಿಸುವುದು ಗಂಡನ ಕೆಲಸ. ಯಾರೋ ಒಂದು ಮನೆಯ ಕಿಟಕಿಯಲ್ಲಿ ಗಾಜು ಹಿಡಿದಿಡುವ ಪುಟ್ಟಿ ಕೆರೆದು, ಗಾಜನ್ನು ಒಡೆಯದೆ ಗೋಡೆಗೆ ಒರಗಿಸಿ, ಒಳಗಿದ್ದದ್ದನ್ನು ದೋಚಿ ಹಿಂಬಾಗಿಲಿನಿಂದ ಹೋಗಿದ್ದರು. ಇಷ್ಟು ನಯವಾದ ಕೈ ಇವನದೇ ಎಂದು ಪೊಲೀಸರು ಎಳೆದೊಯ್ದರು. ಕಳ್ಳತನವಾದ ದಿನ ಅವನು ಜ್ವರದಲ್ಲಿ ಅವಳ ಪಕ್ಕದಲ್ಲೇ ನರಳುತ್ತಿದ್ದ.

"ಹೆಂಡ್ತಿ ಸಾಕ್ಷಿ ಯಾರು ಕೇಳ್ತಾರೆ? ಸುಮ್ನೆ ಚಪ್ಪಲಿ ಸವೆಸ್ಬೇಡ," ಎಂದ ದಫೇದಾರ ಠಾಣೆಯ ಮೆಟ್ಟಿಲ ಕೆಳಗೆ ಅವಳು ಬಿಟ್ಟಿದ್ದ ಜೋಡಿಯತ್ತ ನೋಡಿ ನಕ್ಕಿದ್ದ. "ಅದೇನಮ್ಮ ನೀಲಿ ವೈರು? ಚಪ್ಪಲಿಗೂ ಕರೆಂಟ್ ಎಳೆಸಿದ್ದೀಯಾ?"

ಕಿತ್ತ ಉಂಗುಷ್ಠಕ್ಕೆ ಗಂಡನೇ ವೈರು ಸುತ್ತಿಕೊಟ್ಟಿದ್ದ. ಅವಳೂ ನಕ್ಕಳು. ನಗದಿದ್ದರೆ ಅಳು ಬರುತ್ತಿತ್ತು.

ಜೈಲಿನ ಜಾಲರಿಯ ಆಚೆ ಅವನ ಕೆನ್ನೆ ಒಳಸೇರಿತ್ತು.

"ಸೋಪು ತಂದ್ಯೇನೇ?"

"ತಂದಿದ್ದೀನಿ ರೀ. ಇನ್ನು ಸ್ವಲ್ಪ ದಿನ, ಬಂದ್ಬಿಡ್ತೀರ."

"ಏನು ಮಾಡೋಕೆ ಹೊರಟಿದ್ದೀಯ?"

"ನಾನೇನು ಮಾಡ್ಲಿ? ಮನೆ ನೋಡ್ಕೋತಿದ್ದೀನಿ," ಎಂದಳು.

ಎಲ್ಲವನ್ನೂ ಯೋಚಿಸಿದ್ದಳು. ಗಂಡನಾಗಲಿ ತಾನಾಗಲಿ ಎಂದೂ ಕಾಲಿಡದ ಮನೆ. ಅಲ್ಲಿಯ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಕೈಗೆ ರಬ್ಬರ್ ಗವಸು. ಮಾರಲು ಹೋದವರು ಸಿಕ್ಕಿಬೀಳುತ್ತಾರೆ. ಅವಳು ಮಾರುವುದಿಲ್ಲ, ಕದ್ದದ್ದೆಲ್ಲ ಊರಾಚೆಯ ಕಲ್ಲುಕ್ವಾರಿಯ ನೀರಿಗೆ. ಗಂಡ ಜೈಲಿನಲ್ಲಿರುವಾಗಲೇ ಅದೇ ಕೈಚಳಕ ಇನ್ನೊಂದು ಮನೆಯಲ್ಲಿ ಕಂಡರೆ, ಕಳ್ಳ ಹೊರಗಿದ್ದಾನೆಂದು ಅವರೇ ಒಪ್ಪಬೇಕು.

ಮಧ್ಯಾಹ್ನದ ಬೀದಿ ಖಾಲಿಯಿತ್ತು. ಪುಟ್ಟಿ ಕೆರೆಯುವಾಗ ಉಳಿ ಎರಡು ಬಾರಿ ಜಾರಿತು. ಆದರೂ ಗಾಜು ಹಪ್ಪಳದಷ್ಟು ಹಗುರಾಗಿ ಕೈಗೆ ಬಂತು. ಇಷ್ಟು ವರ್ಷ ಅವನ ಪಕ್ಕ ನಿಂತು ಹಿಡಿದುಕೊಟ್ಟದ್ದು ದಂಡವಾಗಲಿಲ್ಲ. ಕಿಟಕಿ ದಾಟಿ ಒಳಗಿಳಿದಾಗ ತಣ್ಣನೆಯ ನೆಲ ಅಂಗಾಲಿಗೆ ತಾಗಿ ಮೈ ಜುಮ್ಮೆಂದಿತು. ಎಲ್ಲೋ ಫ್ರಿಜ್ಜು ಗುರ್ರೆಂದದ್ದಕ್ಕೆ ಜೀವ ಬಾಯಿಗೆ ಬಂತು. ಎರಡು ಕೈಗಡಿಯಾರ, ಒಂದು ಸರ ಚೀಲಕ್ಕೆ ಹಾಕಿಕೊಂಡು, ಹಿಂಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಹೊರಬಿದ್ದಳು. ಹಿಂದೆ ತಿರುಗಿ ನೋಡಲಿಲ್ಲ.

ಕ್ವಾರಿಯ ನೀರು ಚೀಲವನ್ನು ನುಂಗಿದಾಗ ಹೊತ್ತು ಇಳಿದಿತ್ತು. ದಾರಿಯುದ್ದಕ್ಕೂ ಯಾರೋ ಹಿಂದೆ ಬಂದಂತೆ; ನಿಂತು ಕೇಳಿದರೆ ತನ್ನದೇ ಹೆಜ್ಜೆ. ಮನೆ ಕಂಡಾಗ ಉಸಿರು ಬಂತು. ನಾಳೆ ಠಾಣೆಗೆ ಹೋಗಬೇಕು, ಏನೂ ಗೊತ್ತಿಲ್ಲದವಳ ಹಾಗೆ.

ಹುಟ್ಟಿದಾಗಿನಿಂದ ಯಾರ ಮನೆಗೂ ಚಪ್ಪಲಿ ಹಾಕಿಕೊಂಡು ಕಾಲಿಟ್ಟವಳಲ್ಲ. ತನ್ನ ಹೊಸ್ತಿಲಲ್ಲೂ ಎಂದಿನಂತೆ ಬಿಟ್ಟಳು, ಎಂದಿನಂತೆ ಬಗ್ಗಿ ಜೋಡಿಸಿದಳು. ಕೈ ಅಲ್ಲೇ ನಿಂತಿತು. ಕಂದು ಬಣ್ಣದ, ಬಕಲ್ಲು ಇದ್ದ, ಹೊಚ್ಚ ಹೊಸ ಚಪ್ಪಲಿ. ಇಷ್ಟು ಹೊತ್ತಿಗೆ ಆ ಮನೆಯವರು ಬಂದಿರುತ್ತಾರೆ, ದಫೇದಾರನೂ ಬಂದಿರುತ್ತಾನೆ. ಅಲ್ಲಿ, ಗೋಡೆಗೊರಗಿಸಿದ ಒಡೆಯದ ಗಾಜಿನ ಪಕ್ಕ, ಕಿಟಕಿಯ ಕೆಳಗೆ, ಅಂಚಿಗೆ ಅಂಚು ಜೋಡಿಸಿಟ್ಟ ಅವಳ ಚಪ್ಪಲಿ. ಒಂದರ ಉಂಗುಷ್ಠಕ್ಕೆ ನೀಲಿ ವೈರು.